ಮಗುವಿನ ಚಿಕಿತ್ಸೆಗೆ ಒಪ್ಪಿಗೆ ಕೊಡಬೇಕಾದವರು ಯಾರು?

ಹದಿನೈದು ವರ್ಷದ ಹುಡುಗಿಯೊಬ್ಬಳು ಜೊತೆಗೆ ಯಾರೂ ಇಲ್ಲದೆ ಡಾಕ್ಟರ್ ಮುಂದೆ ಬಂದು ಕೂರುತ್ತಾಳೆ. ರಾತ್ರಿ ನಿದ್ದೆ ಬರುತ್ತಿಲ್ಲ, ಓದಲು ಮನಸ್ಸಿಲ್ಲ, ಸುಮ್ನೆ ಅಳು ಬರುತ್ತದೆ ಅನ್ನುತ್ತಾಳೆ. ಎದ್ದು ಹೋಗುವ ಮುಂಚೆ ಇನ್ನೊಂದು ಮಾತು ಸೇರಿಸುತ್ತಾಳೆ: "ಮನೆಯಲ್ಲಿ ಹೇಳಬೇಡಿ, ಪ್ಲೀಸ್."

ಈಗ ಡಾಕ್ಟರ್ ಏನು ಮಾಡಬೇಕು? ಔಷಧಿ ಬರೆದುಕೊಡಬಹುದಾ? ಅಪ್ಪ ಅಮ್ಮನ ಸಹಿ ಬೇಕಾ? ಅವರಿಗೆ ತಿಳಿಸದಿದ್ದರೆ ತಪ್ಪಾ, ತಿಳಿಸಿದರೆ ತಪ್ಪಾ?

ಇಂಥ ಪ್ರಶ್ನೆಗಳು ತುಂಬಾ ಕಾಲ ಆಸ್ಪತ್ರೆ ಮತ್ತು ಕೋರ್ಟುಗಳ ಒಳಗೇ ಇದ್ದವು. 2021ರಲ್ಲಿ ಇಂಗ್ಲೆಂಡ್‌ನಲ್ಲಿ 12ರಿಂದ 15 ವರ್ಷದ ಮಕ್ಕಳಿಗೆ ಕೋವಿಡ್ ಲಸಿಕೆ ಶುರುವಾದಾಗ ಅವು ಮನೆಯೊಳಗೂ ಬಂದವು. ಮಗು ಬೇಕು ಅಂದು ಪೋಷಕರು ಬೇಡ ಅಂದರೆ ಯಾರ ಮಾತು ನಡೆಯಬೇಕು? ಮಕ್ಕಳ ಮಾನಸಿಕ ಆರೋಗ್ಯ, ಗರ್ಭಪಾತ, ಲಿಂಗ ಗುರುತಿಗೆ ಸಂಬಂಧಿಸಿದ ಚಿಕಿತ್ಸೆ, ಹೀಗೆ ಒಂದಾದ ಮೇಲೊಂದು ವಿಷಯದಲ್ಲಿ ಈ ಪ್ರಶ್ನೆ ಸುದ್ದಿಯಾಗುತ್ತಲೇ ಇದೆ. ಗಲಾಟೆ ಜಾಸ್ತಿ, ತಿಳಿವಳಿಕೆ ಕಡಿಮೆ. ಹಾಗಾಗಿ ಬುಡದಿಂದ ಶುರು ಮಾಡೋಣ.

ಒಪ್ಪಿಗೆ ಅಂದರೆ ಬರೀ ಸಹಿ ಅಲ್ಲ

ಆಸ್ಪತ್ರೆಯಲ್ಲಿ ಆಪರೇಷನ್‌ಗೆ ಮುಂಚೆ ಒಂದು ಫಾರ್ಮ್ ಕೊಟ್ಟು ಸಹಿ ಹಾಕಿಸಿಕೊಳ್ಳುತ್ತಾರಲ್ಲ, ಅದನ್ನೇ ನಾವು ಒಪ್ಪಿಗೆ ಅಂದುಕೊಂಡಿರುತ್ತೇವೆ. ಆ ಕಾಗದ ಒಪ್ಪಿಗೆಗೆ ಸಾಕ್ಷಿ ಅಷ್ಟೇ. ನಿಜವಾದ ಒಪ್ಪಿಗೆಗೆ ಮೂರು ಸಂಗತಿಗಳು ಬೇಕು. ಕಾಯಿಲೆ ಏನು, ಚಿಕಿತ್ಸೆ ಏನು, ಅಪಾಯ ಏನು, ಬೇರೆ ದಾರಿ ಇದೆಯಾ ಅನ್ನುವುದನ್ನು ರೋಗಿಗೆ ಹೇಳಿರಬೇಕು. ಯಾರ ಒತ್ತಾಯವೂ ಇಲ್ಲದೆ ರೋಗಿ ತಾನೇ ತೀರ್ಮಾನಿಸಬೇಕು. ಹೇಳಿದ್ದನ್ನು ಅರ್ಥ ಮಾಡಿಕೊಂಡು ತೂಗಿ ನೋಡುವ ಶಕ್ತಿ ರೋಗಿಗೆ ಇರಬೇಕು.

1914ರಲ್ಲಿ ನ್ಯೂಯಾರ್ಕ್‌ನ ನ್ಯಾಯಾಧೀಶ ಬೆಂಜಮಿನ್ ಕಾರ್ಡೊಜೊ, ವಯಸ್ಸಿಗೆ ಬಂದ, ಬುದ್ಧಿ ಸ್ಥಿಮಿತದಲ್ಲಿರುವ ಪ್ರತಿಯೊಬ್ಬರಿಗೂ ತಮ್ಮ ದೇಹಕ್ಕೆ ಏನಾಗಬೇಕು ಅಂತ ತೀರ್ಮಾನಿಸುವ ಹಕ್ಕಿದೆ ಎಂದು ಬರೆದರು. ಮುಂದೆ ಲೆಕ್ಕವಿಲ್ಲದಷ್ಟು ತೀರ್ಪುಗಳು ಈ ಮಾತನ್ನು ಹಿಡಿದುಕೊಂಡವು. ಆದರೆ "ವಯಸ್ಸಿಗೆ ಬಂದ" ಅನ್ನುವ ಷರತ್ತನ್ನು ಗಮನಿಸಿ. ಮಕ್ಕಳು ಅಲ್ಲೇ ಹೊರಗೆ ಉಳಿದರು.

ವಯಸ್ಸು ತುಂಬಿದ ಮೇಲೆ ಕಾನೂನು ಎಷ್ಟು ಕಟ್ಟುನಿಟ್ಟು ಅನ್ನುವುದಕ್ಕೆ ಭಾರತದ ಸುಪ್ರೀಂ ಕೋರ್ಟಿನ 2008ರ ಒಂದು ತೀರ್ಪು ನೋಡಿ. 44 ವರ್ಷದ ಮಹಿಳೆ, ಹೊಟ್ಟೆಯೊಳಗೆ ಸಣ್ಣ ಕ್ಯಾಮೆರಾ ತೂರಿಸಿ ನೋಡುವ ಲ್ಯಾಪರೋಸ್ಕೋಪಿ ಪರೀಕ್ಷೆಗೆ ಒಪ್ಪಿದ್ದರು. ಅರಿವಳಿಕೆ ಕೊಟ್ಟು ಮಲಗಿಸಿದ್ದಾಗ, ಹೊರಗೆ ಕಾಯುತ್ತಿದ್ದ ತಾಯಿಯ ಒಪ್ಪಿಗೆ ಪಡೆದು ಡಾಕ್ಟರ್ ಗರ್ಭಕೋಶವನ್ನೇ ತೆಗೆದುಬಿಟ್ಟರು. ಜೀವಕ್ಕೆ ತಕ್ಷಣದ ಅಪಾಯವೇನೂ ಇರಲಿಲ್ಲ. ಮಗಳು ವಯಸ್ಕಳು, ಎಚ್ಚರವಾದ ಮೇಲೆ ಅವಳನ್ನೇ ಕೇಳಬಹುದಿತ್ತು, ತಾಯಿಯ ಒಪ್ಪಿಗೆ ಇಲ್ಲಿ ಲೆಕ್ಕಕ್ಕಿಲ್ಲ ಎಂದು ಕೋರ್ಟ್ ಹೇಳಿತು. ಅದೇ ಮಗಳು ನಾಲ್ಕು ವರ್ಷದವಳಾಗಿದ್ದರೆ ತಾಯಿಯ ಮಾತೇ ಕೊನೆಯ ಮಾತಾಗುತ್ತಿತ್ತು. ಈ ಎರಡು ತುದಿಗಳ ನಡುವೆ ಏನಾಗುತ್ತದೆ ಅನ್ನುವುದೇ ನಮ್ಮ ವಿಷಯ.

ತಂದೆ ತಾಯಿಗೆ ಈ ಅಧಿಕಾರ ಎಲ್ಲಿಂದ ಬಂತು?

ಎಳೆ ಮಗುವಿಗೆ ತೀರ್ಮಾನಿಸುವ ಶಕ್ತಿ ಇಲ್ಲ. ಯಾರಾದರೂ ಅದರ ಪರವಾಗಿ ತೀರ್ಮಾನಿಸಲೇಬೇಕು. ಮಗುವನ್ನು ಚೆನ್ನಾಗಿ ಬಲ್ಲವರು, ರಾತ್ರಿ ಎದ್ದು ನೋಡಿಕೊಳ್ಳುವವರು, ಚಿಕಿತ್ಸೆ ಮುಗಿದ ಮೇಲೂ ಅದರ ಜೊತೆ ಬದುಕುವವರು ತಂದೆ ತಾಯಿ. ಒಂದೊಂದು ಜ್ವರಕ್ಕೂ ಸರ್ಕಾರ ಬಂದು ತೀರ್ಮಾನಿಸಲು ಆಗುವುದಿಲ್ಲ. ಹಾಗಾಗಿ ಜಗತ್ತಿನ ಬಹುತೇಕ ಕಾನೂನುಗಳು ಮೊದಲ ಮಾತನ್ನು ಅವರಿಗೇ ಬಿಟ್ಟಿವೆ.

ಆದರೆ ಇದು ಹೊಲ ಮನೆಯ ಮೇಲಿನ ಹಕ್ಕಿನಂಥದ್ದಲ್ಲ. ಮಗುವಿನ ಒಳ್ಳೆಯದಕ್ಕಾಗಿ ಪೋಷಕರ ಕೈಗೆ ಕೊಟ್ಟಿರುವ ಅಧಿಕಾರ ಇದು. ಮಗುವಿಗೆ ಅದು ಬೇಕಾಗಿರುವಷ್ಟು ದಿನ ಮಾತ್ರ ಇರುತ್ತದೆ. ಸೈಕಲ್ ಕಲಿಸುವಾಗ ಮೊದಲು ಸೀಟನ್ನು ಗಟ್ಟಿಯಾಗಿ ಹಿಡಿದಿರುತ್ತೇವೆ. ಆಮೇಲೆ ಹಗುರವಾಗಿ. ಕೊನೆಗೆ ಕೈ ಬಿಟ್ಟು ಪಕ್ಕದಲ್ಲಿ ಓಡುತ್ತೇವೆ. ಇಂಗ್ಲೆಂಡಿನ ನ್ಯಾಯಾಧೀಶ ಲಾರ್ಡ್ ಡೆನ್ನಿಂಗ್ ಒಂದು ತೀರ್ಪಿನಲ್ಲಿ ಹೇಳಿದ್ದೂ ಇದನ್ನೇ: ಪೋಷಕರ ಹಕ್ಕು ಹತೋಟಿಯಿಂದ ಶುರುವಾಗಿ, ಮಗು ಬೆಳೆದಂತೆ ಸವೆಯುತ್ತಾ, ಕೊನೆಗೆ ಬುದ್ಧಿಮಾತು ಹೇಳುವಷ್ಟಕ್ಕೆ ಬಂದು ನಿಲ್ಲುತ್ತದೆ.

1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯಲ್ಲೂ ಈ ವಿಚಾರ ಇದೆ. ಮಗುವಿನ ಶಕ್ತಿ ಬೆಳೆದಂತೆ ಪೋಷಕರ ಮಾರ್ಗದರ್ಶನ ಅದಕ್ಕೆ ತಕ್ಕಂತೆ ಇರಬೇಕು ಎಂದು 5ನೇ ವಿಧಿ ಹೇಳುತ್ತದೆ. ತನಗೆ ಸಂಬಂಧಿಸಿದ ವಿಷಯದಲ್ಲಿ ಮಾತಾಡುವ ಹಕ್ಕು ಮಗುವಿಗಿದೆ, ವಯಸ್ಸು ಮತ್ತು ಪ್ರಬುದ್ಧತೆ ನೋಡಿ ಆ ಮಾತಿಗೆ ಬೆಲೆ ಕೊಡಬೇಕು ಎಂದು 12ನೇ ವಿಧಿ ಹೇಳುತ್ತದೆ. ಭಾರತ 1992ರಲ್ಲಿ ಇದನ್ನು ಒಪ್ಪಿಕೊಂಡಿತು. ಅಮೆರಿಕ ಇನ್ನೂ ಅನುಮೋದಿಸಿಲ್ಲ.

ಗೆರೆ ಎಲ್ಲಿ ಎಳೆಯುವುದು?

ಮಗು ಯಾವತ್ತು ಸ್ವಂತ ತೀರ್ಮಾನಕ್ಕೆ ತಯಾರಾಯಿತು ಅಂತ ಗೊತ್ತಾಗುವುದು ಹೇಗೆ? ಇದಕ್ಕೆ ದೇಶಗಳು ಬೇರೆಬೇರೆ ದಾರಿ ಹಿಡಿದಿವೆ.

ಸುಲಭದ ದಾರಿ ವಯಸ್ಸು. ಇಂಗ್ಲೆಂಡ್‌ನಲ್ಲಿ 1969ರ ಕಾಯ್ದೆ 16 ತುಂಬಿದವರ ಒಪ್ಪಿಗೆಯನ್ನು ದೊಡ್ಡವರ ಒಪ್ಪಿಗೆಗೆ ಸಮ ಮಾಡಿತು. ಅಮೆರಿಕದ ಆರೆಗಾನ್ ರಾಜ್ಯದಲ್ಲಿ 15, ಕೆನಡಾದ ಕ್ವಿಬೆಕ್‌ನಲ್ಲಿ 14. ನೆದರ್ಲೆಂಡ್ಸ್ ಮೆಟ್ಟಿಲು ಕಟ್ಟಿದೆ: 12ರ ತನಕ ಪೋಷಕರು, 12ರಿಂದ 16ರ ತನಕ ಮಗು ಮತ್ತು ಪೋಷಕರು ಇಬ್ಬರೂ, ಆಮೇಲೆ ಮಗು ಒಂದೇ. ವಯಸ್ಸಿನ ಗೆರೆಯಿಂದ ಗೊಂದಲ ಕಡಿಮೆ. ಆದರೆ ಹುಟ್ಟುಹಬ್ಬದ ಹಿಂದಿನ ದಿನ ಇಲ್ಲದ ಬುದ್ಧಿ ಮರುದಿನ ಬಂದುಬಿಡುವುದಿಲ್ಲ ಅಲ್ವಾ?

ಇನ್ನೊಂದು ದಾರಿ, ಎದುರಿಗಿರುವ ಮಗುವನ್ನೇ ನೋಡಿ ತೀರ್ಮಾನಿಸುವುದು. ಇದರ ಹಿಂದೆ ಗಿಲಿಕ್ ಪ್ರಕರಣ ಇದೆ. 1980ರಲ್ಲಿ ಬ್ರಿಟನ್ನಿನ ಆರೋಗ್ಯ ಇಲಾಖೆ ಒಂದು ಸುತ್ತೋಲೆ ಹೊರಡಿಸಿತು. ತೀರಾ ಅಪರೂಪದ ಸಂದರ್ಭದಲ್ಲಿ, 16 ತುಂಬದ ಹುಡುಗಿಗೂ ಪೋಷಕರಿಗೆ ತಿಳಿಸದೆ ಡಾಕ್ಟರ್ ಗರ್ಭನಿರೋಧಕ ಕೊಡಬಹುದು ಅಂತ ಅದರಲ್ಲಿತ್ತು. ಹೆಣ್ಣುಮಕ್ಕಳ ತಾಯಿಯಾದ ವಿಕ್ಟೋರಿಯಾ ಗಿಲಿಕ್ ಇದನ್ನು ಪ್ರಶ್ನಿಸಿ ಕೋರ್ಟಿಗೆ ಹೋದರು. ನನಗೆ ಹೇಳದೆ ನನ್ನ ಮಕ್ಕಳಿಗೆ ಇಂಥ ಸಲಹೆ ಕೊಡಕೂಡದು ಅನ್ನುವುದು ಅವರ ವಾದ. ಮೊದಲು ಸೋತರು, ಮೇಲ್ಮನವಿಯಲ್ಲಿ ಗೆದ್ದರು. 1985ರಲ್ಲಿ ದೇಶದ ಅತ್ಯುನ್ನತ ನ್ಯಾಯಪೀಠದಲ್ಲಿ ಮೂರಕ್ಕೆ ಎರಡು ಮತಗಳಿಂದ ಮತ್ತೆ ಸೋತರು. ಐವರು ನ್ಯಾಯಾಧೀಶರಲ್ಲೇ ಇಷ್ಟು ಭಿನ್ನಾಭಿಪ್ರಾಯ ಇತ್ತು ಅನ್ನುವುದು ಪ್ರಶ್ನೆ ಎಷ್ಟು ಕಠಿಣ ಅನ್ನುವುದನ್ನು ತೋರಿಸುತ್ತದೆ.

ಬಹುಮತದಲ್ಲಿದ್ದ ಲಾರ್ಡ್ ಸ್ಕಾರ್ಮನ್ ಕೊಟ್ಟ ಅಳತೆಗೋಲು ಸರಳ. ತನ್ನ ಮುಂದಿರುವ ಚಿಕಿತ್ಸೆಯನ್ನು ಪೂರ್ತಿ ಅರ್ಥ ಮಾಡಿಕೊಳ್ಳುವಷ್ಟು ತಿಳಿವಳಿಕೆ ಮತ್ತು ಬುದ್ಧಿ ಮಗುವಿಗೆ ಬಂದಾಗ, ಪೋಷಕರ ಹಕ್ಕು ಅದಕ್ಕೆ ದಾರಿ ಬಿಟ್ಟುಕೊಡುತ್ತದೆ. ಇಲ್ಲಿ ಜನ ಒಂದು ಸೂಕ್ಷ್ಮವನ್ನು ಮರೆಯುತ್ತಾರೆ. "ಈ ಹುಡುಗ ಪ್ರಬುದ್ಧ" ಅಂತ ಸುಮ್ನೆ ಒಂದು ಸರ್ಟಿಫಿಕೇಟ್ ಕೊಡುವ ಪರೀಕ್ಷೆ ಇದಲ್ಲ. ಮುರಿದ ಕೈಗೆ ಪ್ಲಾಸ್ಟರ್ ಹಾಕಿಸಿಕೊಳ್ಳಲು ಬೇಕಾದ ತಿಳಿವಳಿಕೆ ಬೇರೆ, ಕ್ಯಾನ್ಸರ್ ಚಿಕಿತ್ಸೆ ಆರಿಸಿಕೊಳ್ಳಲು ಬೇಕಾದದ್ದು ಬೇರೆ. ಅದೇ ಮಗು ಒಂದಕ್ಕೆ ಒಪ್ಪಿಗೆ ಕೊಡಬಹುದು, ಇನ್ನೊಂದಕ್ಕೆ ಆಗದಿರಬಹುದು.

ಆಸ್ಟ್ರೇಲಿಯಾದ ಹೈಕೋರ್ಟ್ 1992ರಲ್ಲಿ ಈ ಅಳತೆಗೋಲನ್ನು ಒಪ್ಪಿಕೊಂಡಿತು. ಸ್ಕಾಟ್ಲೆಂಡ್ 1991ರಲ್ಲಿ ಇಂಥದ್ದನ್ನೇ ಕಾಯ್ದೆ ಮಾಡಿತು.

ಕಾಯಿಲೆ ಯಾವುದು ಅನ್ನುವುದರ ಮೇಲೆ ಗೆರೆ ಎಳೆಯುವುದೂ ಇದೆ. ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕುಗಳ ಚಿಕಿತ್ಸೆಗೆ ಅಪ್ರಾಪ್ತರೇ ಒಪ್ಪಿಗೆ ಕೊಡಬಹುದು. ಕೆಲವು ರಾಜ್ಯಗಳಲ್ಲಿ ಅದಕ್ಕೂ ಕನಿಷ್ಠ ವಯಸ್ಸು ಇದೆ. ಮನೆಯಲ್ಲಿ ಗೊತ್ತಾಗುತ್ತದೆ ಅನ್ನುವ ಭಯಕ್ಕೆ ಮಕ್ಕಳು ಚಿಕಿತ್ಸೆಗೇ ಬರದಿದ್ದರೆ ಅವರಿಗೂ ತೊಂದರೆ, ಸೋಂಕು ಹರಡಿ ಬೇರೆಯವರಿಗೂ ತೊಂದರೆ ಅನ್ನುವುದು ಇದರ ಹಿಂದಿನ ಲೆಕ್ಕ.

ಭಾರತದ ಕಾನೂನು ಏನು ಹೇಳುತ್ತದೆ?

ಭಾರತದಲ್ಲಿ ಇದಕ್ಕೇ ಅಂತ ಒಂದು ಕಾಯ್ದೆ ಇಲ್ಲ. ಅಲ್ಲಲ್ಲಿ ಚದುರಿರುವುದನ್ನು ಹೆಕ್ಕಿ ಜೋಡಿಸಬೇಕು.

1875ರ ಪ್ರಾಪ್ತ ವಯಸ್ಸಿನ ಕಾಯ್ದೆ ಪ್ರಕಾರ 18 ತುಂಬಿದವರು ವಯಸ್ಕರು. ಕ್ರಿಮಿನಲ್ ಕಾನೂನಿನಲ್ಲಿ ಮಾತ್ರ 12 ಅನ್ನುವ ಇನ್ನೊಂದು ಅಂಕಿ ಬರುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 27ನೇ ಸೆಕ್ಷನ್, 12 ತುಂಬದ ಮಗುವಿನ ಒಳ್ಳೆಯದಕ್ಕಾಗಿ ಪೋಷಕರ ಒಪ್ಪಿಗೆಯಿಂದ ಸದುದ್ದೇಶದಿಂದ ಮಾಡಿದ ಕೆಲಸ ಅಪರಾಧವಲ್ಲ ಎನ್ನುತ್ತದೆ. ಅದಕ್ಕೆ ಕೊಟ್ಟಿರುವ ಉದಾಹರಣೆ 1860ರ ದಂಡ ಸಂಹಿತೆಯಿಂದಲೇ ಬಂದದ್ದು. ತಂದೆಯೊಬ್ಬ ಮಗುವಿನ ಹೊಟ್ಟೆಯೊಳಗಿನ ಕಲ್ಲು ತೆಗೆಸಲು, ಮಗುವಿನ ಒಪ್ಪಿಗೆ ಇಲ್ಲದೆ ಸರ್ಜನ್ ಕೈಯಲ್ಲಿ ಆಪರೇಷನ್ ಮಾಡಿಸುತ್ತಾನೆ. ಅದರಿಂದ ಸಾವು ಬರಬಹುದು ಅಂತ ಗೊತ್ತಿದ್ದರೂ, ಗುಣವಾಗಲಿ ಅನ್ನುವುದೇ ಉದ್ದೇಶವಾದ್ದರಿಂದ ಅವನು ತಪ್ಪಿತಸ್ಥನಲ್ಲ. 28ನೇ ಸೆಕ್ಷನ್ ಪ್ರಕಾರ 12 ತುಂಬದ ಮಗುವಿನ ಒಪ್ಪಿಗೆಯನ್ನು ಸಾಮಾನ್ಯವಾಗಿ ಒಪ್ಪಿಗೆ ಅಂತ ಪರಿಗಣಿಸುವುದಿಲ್ಲ.

ಹಾಗಾದರೆ 12 ದಾಟಿದ, 18 ತುಂಬದ ಮಕ್ಕಳ ಕಥೆ? ಇಲ್ಲೇ ಮಸುಕು. ಕ್ರಿಮಿನಲ್ ಕಾನೂನನ್ನು ಮಾತ್ರ ಓದಿದರೆ, ತಮ್ಮ ಒಳ್ಳೆಯದಕ್ಕಾಗಿ ಮಾಡುವ ಚಿಕಿತ್ಸೆಗೆ ಇವರು ಒಪ್ಪಬಹುದು ಅಂತ ವಾದಿಸಲು ಜಾಗ ಇದೆ. ಆದರೆ 1872ರ ಕರಾರು ಕಾಯ್ದೆ ಪ್ರಕಾರ ಅಪ್ರಾಪ್ತರು ಕರಾರು ಮಾಡಿಕೊಳ್ಳುವಂತಿಲ್ಲ. ಆಸ್ಪತ್ರೆ ಮತ್ತು ರೋಗಿಯ ಸಂಬಂಧವೂ ಒಂದು ಬಗೆಯ ಕರಾರೇ ಅಂದುಕೊಂಡು, ಆಸ್ಪತ್ರೆಗಳು 18ರ ತನಕ ಪೋಷಕರ ಸಹಿ ಕೇಳುತ್ತವೆ. ಗಂಟಲು ನೋಡಿ ಔಷಧಿ ಬರೆದುಕೊಡುವಂಥ ಸಣ್ಣ ವಿಷಯಕ್ಕೆ ಯಾರೂ ಇಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ಆಪರೇಷನ್, ಅರಿವಳಿಕೆ ಅಂದ ತಕ್ಷಣ ಸಹಿ ಬೇಕೇ ಬೇಕು.

ಕೆಲವು ವಿಷಯಗಳಲ್ಲಿ ಕಾಯ್ದೆ ಬಾಯಿಬಿಟ್ಟು ಹೇಳಿದೆ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ ಪ್ರಕಾರ 18 ತುಂಬದ ಹುಡುಗಿಗೆ ಗರ್ಭಪಾತ ಮಾಡಲು ಪೋಷಕರ ಲಿಖಿತ ಒಪ್ಪಿಗೆ ಬೇಕು. ಪೋಷಕರ ಅಭಿಪ್ರಾಯ ಒಂದು, ಹುಡುಗಿಯ ಅಭಿಪ್ರಾಯ ಇನ್ನೊಂದು ಆದರೆ, ಗರ್ಭಿಣಿಯಾಗಿರುವ ಹುಡುಗಿಯ ಮಾತನ್ನು ಕೋರ್ಟ್‌ಗಳು ಮುಖ್ಯವಾಗಿ ಪರಿಗಣಿಸಬೇಕು ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿತು.

2017ರ ಮಾನಸಿಕ ಆರೋಗ್ಯ ಕಾಯ್ದೆ ಇನ್ನೂ ಎಚ್ಚರದಿಂದ ಬರೆದದ್ದು. ಅಪ್ರಾಪ್ತರನ್ನು ಮಾನಸಿಕ ಆಸ್ಪತ್ರೆಗೆ ಸೇರಿಸಲು ಪೋಷಕರು ಕೇಳಿದರೆ ಸಾಲದು. ಇಬ್ಬರು ತಜ್ಞರು ಬೇರೆಬೇರೆಯಾಗಿ ಪರೀಕ್ಷಿಸಿ ಒಪ್ಪಬೇಕು. ಅವರಲ್ಲಿ ಒಬ್ಬರಾದರೂ ಮನೋವೈದ್ಯರಾಗಿರಬೇಕು. ದೊಡ್ಡವರ ಜೊತೆ ಒಂದೇ ವಾರ್ಡಿನಲ್ಲಿ ಇರಿಸುವಂತಿಲ್ಲ. 72 ಗಂಟೆಯೊಳಗೆ ಪರಿಶೀಲನಾ ಮಂಡಳಿಗೆ ತಿಳಿಸಬೇಕು. ಅಪ್ರಾಪ್ತರಿಗೆ ವಿದ್ಯುತ್ ಕಂಪನ ಚಿಕಿತ್ಸೆ (ಶಾಕ್ ಟ್ರೀಟ್‌ಮೆಂಟ್) ಕೊಡುವಂತಿಲ್ಲ. ತೀರಾ ಅಗತ್ಯ ಅನ್ನಿಸಿದರೆ ಪೋಷಕರ ಒಪ್ಪಿಗೆಯ ಮೇಲೆ ಮಂಡಳಿಯ ಅನುಮತಿಯನ್ನೂ ಮೊದಲೇ ಪಡೆಯಬೇಕು. ಪೋಷಕರ ಸಹಿ ಒಂದೇ ಸಾಕಾಗದ ಜಾಗಗಳಿವೆ ಅನ್ನುವುದನ್ನು ಈ ಕಾಯ್ದೆ ಚೆನ್ನಾಗಿ ತೋರಿಸುತ್ತದೆ.

ಸಹಿ ತಂದೆಯದೇ ಆಗಬೇಕಾ ಅನ್ನುವ ಸಂಶಯವೂ ಅನೇಕರಿಗಿದೆ. 1956ರ ಹಿಂದೂ ಅಪ್ರಾಪ್ತರ ಪೋಷಕತ್ವ ಕಾಯ್ದೆಯಲ್ಲಿ ತಂದೆ, ಅವನ ನಂತರ ತಾಯಿ ಅಂತ ಇದೆ. "ನಂತರ" ಅಂದರೆ ತಂದೆ ಸತ್ತ ಮೇಲೆ ಅಂತ ಮಾತ್ರ ಅಲ್ಲ, ತಂದೆ ನೋಡಿಕೊಳ್ಳದೆ ಇರುವಾಗಲೂ ತಾಯಿಯೇ ಪೋಷಕಿ ಎಂದು ಸುಪ್ರೀಂ ಕೋರ್ಟ್ 1999ರಲ್ಲಿ ಗೀತಾ ಹರಿಹರನ್ ಪ್ರಕರಣದಲ್ಲಿ ಬಿಡಿಸಿ ಹೇಳಿತು.

"ಬೇಡ" ಅನ್ನುವ ಹಕ್ಕು

ಹೂಂ ಅನ್ನುವ ಶಕ್ತಿ ಇದ್ದವರಿಗೆ ಊಹೂಂ ಅನ್ನುವ ಹಕ್ಕೂ ಇರಬೇಕು ಅನ್ನಿಸುತ್ತದೆ. ಮಕ್ಕಳ ವಿಷಯದಲ್ಲಿ ಕಾನೂನು ಹಾಗೆ ನಡೆದಿಲ್ಲ.

1992ರಲ್ಲಿ ಇಂಗ್ಲೆಂಡ್‌ನ ಮೇಲ್ಮನವಿ ಕೋರ್ಟಿನ ಮುಂದೆ 16 ವರ್ಷದ ಹುಡುಗಿಯೊಬ್ಬಳ ವಿಷಯ ಬಂತು. ಊಟ ಬಿಟ್ಟು ದೇಹ ಕರಗುವ ಅನೊರೆಕ್ಸಿಯಾ ಕಾಯಿಲೆ ಅವಳಿಗೆ. ಬೇರೆ ಕಡೆ ಸೇರಿಸಿ ಚಿಕಿತ್ಸೆ ಕೊಡುವುದು ಬೇಡ ಅಂದಳು. ವಯಸ್ಸಿನ ಲೆಕ್ಕದಲ್ಲಿ ಅವಳ ಒಪ್ಪಿಗೆಗೆ ಬೆಲೆ ಇತ್ತು. ಆದರೆ ಅವಳ ನಿರಾಕರಣೆಯನ್ನು ಕೋರ್ಟ್ ಮೀರಬಹುದು ಎಂದು ನ್ಯಾಯಾಧೀಶರು ಹೇಳಿದರು. ಇದು ಸರಿಯಲ್ಲ ಎಂದು ಟೀಕಿಸುವ ಕಾನೂನು ಪಂಡಿತರು ಈಗಲೂ ಇದ್ದಾರೆ.

2009ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಪ್ರಕರಣ ಇನ್ನೂ ಮನಸ್ಸು ಕಲಕುವಂಥದ್ದು. ಹದಿನೈದಕ್ಕೆ ಎರಡು ತಿಂಗಳು ಕಡಿಮೆಯಿದ್ದ ಹುಡುಗಿಗೆ ಕರುಳಿನಲ್ಲಿ ರಕ್ತಸ್ರಾವ. ಅವಳು ಯೆಹೋವನ ಸಾಕ್ಷಿಗಳು ಅನ್ನುವ ಕ್ರೈಸ್ತ ಪಂಥದವಳು, ಬೇರೆಯವರ ರಕ್ತ ಪಡೆಯುವುದು ಆ ಪಂಥದ ನಂಬಿಕೆಗೆ ವಿರುದ್ಧ, ಹಾಗಾಗಿ ಬೇಡ ಅಂದಳು. ತಂದೆ ತಾಯಿಯೂ ಅವಳ ಪರ. ಕೆಳಗಿನ ಕೋರ್ಟ್ ಆದೇಶದ ಮೇಲೆ ರಕ್ತ ಕೊಟ್ಟರು, ಅವಳು ಚೇತರಿಸಿಕೊಂಡಳು. ಸುಪ್ರೀಂ ಕೋರ್ಟ್ ಅದಕ್ಕೆ ಅವಕಾಶ ಕೊಡುವ ಕಾನೂನನ್ನು ಎತ್ತಿಹಿಡಿಯಿತು. ಜೊತೆಗೇ, ಮಗು ಎಷ್ಟು ಪ್ರಬುದ್ಧವೋ ಅದರ ಮಾತಿಗೆ ಅಷ್ಟು ಜಾಸ್ತಿ ತೂಕ ಕೊಟ್ಟು ನೋಡಬೇಕು ಎಂದೂ ಹೇಳಿತು.

ಯಾಕೆ ಈ ತಾರತಮ್ಯ? ಒಪ್ಪಿಗೆ ಕೊಡುವಾಗ ಮಗುವಿನ ಮಾತೂ ಡಾಕ್ಟರ್ ಮಾತೂ ಒಂದೇ ಕಡೆ ಇರುತ್ತವೆ. ನಿರಾಕರಿಸಿದಾಗ ಮಗು ಒಂದು ಕಡೆ, ವೈದ್ಯಕೀಯ ಸಲಹೆ ಇನ್ನೊಂದು ಕಡೆ. ತಪ್ಪಾದರೆ ತಿದ್ದಿಕೊಳ್ಳಲು ಜೀವವೇ ಉಳಿದಿರುವುದಿಲ್ಲ.

ಪೋಷಕರೇ ಬೇಡ ಅಂದರೆ?

ಅಮೆರಿಕದ ಸುಪ್ರೀಂ ಕೋರ್ಟ್ 1944ರಲ್ಲಿ ಹೇಳಿದ ಮಾತನ್ನು ಇಲ್ಲಿ ಎಲ್ಲರೂ ನೆನೆಯುತ್ತಾರೆ. ತಂದೆ ತಾಯಿ ತಮ್ಮ ನಂಬಿಕೆಗಾಗಿ ತಾವು ಹುತಾತ್ಮರಾಗಬಹುದು, ಮಕ್ಕಳನ್ನು ಹುತಾತ್ಮರನ್ನಾಗಿ ಮಾಡುವಂತಿಲ್ಲ ಅನ್ನುವುದು ಅದರ ತಿರುಳು. ಆ ಪ್ರಕರಣ ಚಿಕಿತ್ಸೆಯದ್ದಲ್ಲ. ಮಗುವಿನ ಕೈಯಲ್ಲಿ ಬೀದಿಯಲ್ಲಿ ಧಾರ್ಮಿಕ ಪತ್ರಿಕೆ ಹಂಚಿಸಿದ್ದಕ್ಕೆ ಸಂಬಂಧಿಸಿದ್ದು. ಆದರೂ ಪೋಷಕರು ಜೀವ ಉಳಿಸುವ ಚಿಕಿತ್ಸೆ ಬೇಡ ಅಂದಾಗಲೆಲ್ಲ ಕೋರ್ಟುಗಳು ಈ ಮಾತಿಗೆ ಮರಳಿವೆ.

ಪೋಷಕರ ಆಯ್ಕೆ ನಮಗೆ ಇಷ್ಟವಾಗದಿದ್ದರೆ ಅಷ್ಟಕ್ಕೇ ಯಾರೂ ನಡುವೆ ಬರುವಂತಿಲ್ಲ. ಎರಡು ಒಳ್ಳೆಯ ಚಿಕಿತ್ಸೆಗಳಲ್ಲಿ ಯಾವುದು ಅನ್ನುವುದು ಅವರಿಗೇ ಬಿಟ್ಟದ್ದು. ಮಗುವಿಗೆ ದೊಡ್ಡ ಹಾನಿ ಆಗುವುದು ಖಚಿತ, ಚಿಕಿತ್ಸೆಯಿಂದ ಗುಣವಾಗುವುದು ಹೆಚ್ಚುಕಡಿಮೆ ಖಚಿತ ಅನ್ನುವಂಥ ಕಡೆ ಕೋರ್ಟ್ ಕೈ ಹಾಕುತ್ತದೆ. ವಿಜ್ಞಾನವೇ ಇನ್ನೂ ಚರ್ಚೆಯಲ್ಲಿರುವ ಕಡೆ ಜಗಳ ದೊಡ್ಡದಾಗುತ್ತದೆ. ಲಿಂಗ ಗುರುತಿಗೆ ಸಂಬಂಧಿಸಿದ ಹಾರ್ಮೋನ್ ಚಿಕಿತ್ಸೆ ಇದಕ್ಕೆ ಈಗಿನ ಉದಾಹರಣೆ. ಅಲ್ಲಿ ಮಗು, ಪೋಷಕರು, ಡಾಕ್ಟರ್ ಮೂವರೂ ಒಪ್ಪಿದರೂ ಸರ್ಕಾರ ತಡೆಯಬಹುದಾ ಅನ್ನುವುದೇ ಪ್ರಶ್ನೆ. ಅಪ್ರಾಪ್ತರಿಗೆ ಈ ಚಿಕಿತ್ಸೆಯನ್ನು ನಿಷೇಧಿಸಿದ ಟೆನೆಸಿ ರಾಜ್ಯದ ಕಾನೂನನ್ನು ಅಮೆರಿಕದ ಸುಪ್ರೀಂ ಕೋರ್ಟ್ 2025ರ ಜೂನ್‌ನಲ್ಲಿ ಎತ್ತಿಹಿಡಿಯಿತು. ಪೋಷಕರ ಹಕ್ಕಿನ ಪ್ರಶ್ನೆಯನ್ನು ಆ ತೀರ್ಪು ಬಗೆಹರಿಸಲಿಲ್ಲ. ಅದು ಸಮಾನತೆಯ ಹಕ್ಕಿನ ಮೇಲೆ ನಿಂತ ತೀರ್ಪು.

ಸಮಯವೇ ಇಲ್ಲದಿದ್ದಾಗ

ಅಪಘಾತವಾಗಿ ಮಗು ರಕ್ತದ ಮಡುವಿನಲ್ಲಿದೆ, ತಂದೆ ತಾಯಿ ಸಿಗುತ್ತಿಲ್ಲ. ಇಲ್ಲಿ ಯಾವ ದೇಶದಲ್ಲೂ ಗೊಂದಲ ಇಲ್ಲ: ಮೊದಲು ಜೀವ ಉಳಿಸಬೇಕು. ಭಾರತೀಯ ನ್ಯಾಯ ಸಂಹಿತೆಯ 30ನೇ ಸೆಕ್ಷನ್ ಇದಕ್ಕೆ ರಕ್ಷಣೆ ಕೊಡುತ್ತದೆ. ಅದರ ಉದಾಹರಣೆಯಲ್ಲಿ, ತಕ್ಷಣ ಆಪರೇಷನ್ ಆಗದಿದ್ದರೆ ಮಗು ಸಾಯುತ್ತದೆ, ಪೋಷಕರನ್ನು ಕೇಳಲು ಸಮಯವಿಲ್ಲ, ಮಗು ಬೇಡ ಬೇಡ ಅಂತ ಗೋಗರೆಯುತ್ತಿದ್ದರೂ ಸರ್ಜನ್ ಆಪರೇಷನ್ ಮಾಡುತ್ತಾನೆ. ಅದು ಅಪರಾಧವಲ್ಲ. ಹಾಗಾಗಿ ಗಾಯಗೊಂಡ ಮಗುವನ್ನು ಕರೆತಂದವರು "ಸಹಿ ಹಾಕಲು ನಾವು ಯಾರೂ ಅಲ್ಲ" ಅಂತ ಹೆದರಬೇಕಿಲ್ಲ. ಆದರೆ ಈ ರಿಯಾಯಿತಿ ತುರ್ತು ಚಿಕಿತ್ಸೆಗೆ ಮಾತ್ರ. ಕಾಯಬಹುದಾದ ಚಿಕಿತ್ಸೆಗೆ ಕಾಯಲೇಬೇಕು.

ಗುಟ್ಟು ಉಳಿಯುತ್ತದಾ?

ಮೊದಲು ಹೇಳಿದ ಹುಡುಗಿಯ ಪ್ರಶ್ನೆ ಇದೇ. ಒಪ್ಪಿಗೆ ಕೊಡುವುದು ಒಂದು, ಗುಟ್ಟು ಕಾಯುವುದು ಇನ್ನೊಂದು. ಪೋಷಕರೇ ಸಹಿ ಹಾಕಬೇಕಾದ ಕಡೆ ಅವರಿಗೆ ವಿಷಯ ತಿಳಿಯಲೇಬೇಕು. ಸಹಿ ಬೇಡದ ಕಡೆ, ಉದಾಹರಣೆಗೆ ಬರೀ ಮಾತಾಡಿ ಸಲಹೆ ಪಡೆದಾಗ, ಡಾಕ್ಟರ್ ಎಷ್ಟು ಹೇಳಬೇಕು, ಎಷ್ಟು ಬಿಡಬೇಕು ಅನ್ನುವ ವಿವೇಚನೆ ಇರುತ್ತದೆ. ಒಳ್ಳೆಯ ಡಾಕ್ಟರುಗಳು ಮೊದಲು ಮಗುವಿನ ಮನವೊಲಿಸಲು ನೋಡುತ್ತಾರೆ: ನೀನೇ ಹೇಳ್ತೀಯಾ, ನಾನು ಜೊತೆಗಿರಲಾ? ಗಿಲಿಕ್ ತೀರ್ಪಿನಲ್ಲೂ ಲಾರ್ಡ್ ಫ್ರೇಸರ್ ಈ ಪ್ರಯತ್ನವನ್ನು ಒಂದು ಷರತ್ತಾಗಿಯೇ ಸೇರಿಸಿದ್ದರು. ಪ್ರಾಣ ಕಳೆದುಕೊಳ್ಳುವ ಯೋಚನೆ ಮಗುವಿಗೆ ಇದೆ ಅನ್ನಿಸಿದರೆ ಗುಟ್ಟಿನ ಮಾತು ಮುಗಿಯಿತು. ಆಗ ಸುರಕ್ಷತೆಯೇ ಮೊದಲು.

ಭಾರತದಲ್ಲಿ ಇನ್ನೊಂದು ಕಟ್ಟು ಇದೆ. 2012ರ ಪೋಕ್ಸೊ ಕಾಯ್ದೆ ಪ್ರಕಾರ 18 ತುಂಬದವರ ಮೇಲೆ ಲೈಂಗಿಕ ಅಪರಾಧ ನಡೆದದ್ದು ಗೊತ್ತಾದರೆ ಪೊಲೀಸರಿಗೆ ತಿಳಿಸಲೇಬೇಕು, ಡಾಕ್ಟರ್ ಕೂಡ. 18ರೊಳಗಿನವರು ಇಷ್ಟಪಟ್ಟು ಸಂಬಂಧ ಬೆಳೆಸಿದ್ದರೂ ಅದು ಅಪರಾಧವೇ. ಇದರಿಂದ ಹೆದರಿ ಹುಡುಗಿಯರು ಗರ್ಭಪಾತಕ್ಕೆ ಗೊತ್ತುಗುರಿ ಇಲ್ಲದ ಕಡೆ ಹೋಗುವ ಅಪಾಯ ಇತ್ತು. 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ದಾರಿ ಮಾಡಿತು. ಹುಡುಗಿ ಮತ್ತು ಅವಳ ಪೋಷಕರು ಕೇಳಿಕೊಂಡರೆ, ಗರ್ಭಪಾತ ಮಾಡುವ ಡಾಕ್ಟರ್ ಪೊಲೀಸರಿಗೆ ತಿಳಿಸುವಾಗ ಅವಳ ಹೆಸರು, ಗುರುತು ಕೊಡಬೇಕಾಗಿಲ್ಲ.

ಸಹಿ ಹಾಕಲಾಗದ ಮಗುವನ್ನೂ ಕೇಳಬಹುದು

ಒಪ್ಪಿಗೆಯ ಜೊತೆಗೆ ಡಾಕ್ಟರುಗಳು ಬಳಸುವ ಇನ್ನೊಂದು ಪರಿಕಲ್ಪನೆ ಮಗುವಿನ ಸಮ್ಮತಿ. ಕಾನೂನಿನ ಒಪ್ಪಿಗೆ ಪೋಷಕರದ್ದೇ. ಆದರೆ ಮಗುವಿಗೆ ಅದರ ವಯಸ್ಸಿಗೆ ತಕ್ಕ ಮಾತಿನಲ್ಲಿ ವಿಷಯ ಹೇಳಿ, ನಿನಗೆ ಸರಿಯಾ ಅಂತ ಕೇಳುವುದು. ವೈದ್ಯಕೀಯ ಸಂಶೋಧನೆಯಲ್ಲಿ ಇದು ಈಗ ನಿಯಮವೇ ಆಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಪ್ರಕಾರ 7ರಿಂದ 12 ವರ್ಷದ ಮಕ್ಕಳಿಂದ ಬಾಯಿಮಾತಿನ ಸಮ್ಮತಿ, 12ರಿಂದ 18ರವರಿಂದ ಲಿಖಿತ ಸಮ್ಮತಿ ಪಡೆಯಬೇಕು. ಪೋಷಕರ ಸಹಿ ಇದಕ್ಕೆ ಬದಲಿ ಅಲ್ಲ, ಎರಡೂ ಬೇಕು.

ಮಾಮೂಲಿ ಚಿಕಿತ್ಸೆಗೆ ಇಂಥ ಕಡ್ಡಾಯ ಇಲ್ಲ. ಕೇಳಬಾರದು ಅಂತಲೂ ಇಲ್ಲ. ಎಂಟು ವರ್ಷದ ಮಗುವಿಗೆ ಆಪರೇಷನ್ ಬೇಕೋ ಬೇಡವೋ ಅಂತ ಕೇಳುವುದು ಸರಿಯಲ್ಲ. ಬೇಡ ಅಂದರೂ ಮಾಡಲೇಬೇಕಾದ್ದನ್ನು ಕೇಳಿದರೆ ಅದು ಮೋಸ. ಸೂಜಿ ಯಾವ ಕೈಗೆ, ಅರಿವಳಿಕೆ ಕೊಡುವಾಗ ಪಕ್ಕದಲ್ಲಿ ಅಪ್ಪನಾ ಅಮ್ಮನಾ, ಈಗಲೇ ಹೇಳಲಾ ಊಟ ಆದಮೇಲೆ ಹೇಳಲಾ, ಇವನ್ನು ಧಾರಾಳವಾಗಿ ಕೇಳಬಹುದು. ಹದಿನಾಲ್ಕರ ಮಗುವಿಗಾದರೆ ಫಾರ್ಮನ್ನು ಓದಲು ಕೊಟ್ಟು, ಡಾಕ್ಟರ್ ಜೊತೆ ಐದು ನಿಮಿಷ ಒಬ್ಬರೇ ಮಾತಾಡಲು ಬಿಟ್ಟು, ಆಮೇಲೆ ನೀವು ಸಹಿ ಹಾಕಬಹುದು.